ಆರ್ಗ್ಯಾನಿಕ್ ಸೋಲಾರ್ ಫಿಲ್ಮ್: ಅಂಗಡಿಯೊಳಗೆ ಹಾಕಿ, ತಗಡಿನ ಮೇಲೆ ಈಗಲೇ ಬೇಡ

ಆರ್ಗ್ಯಾನಿಕ್ ಸೋಲಾರ್ ಫಿಲ್ಮ್ ಎಂದರೆ ಸಿಲಿಕಾನ್ ಬದಲು ಇಂಗಾಲದ ಅಣುಗಳಿಂದ ಬೆಳಕನ್ನು ಕರೆಂಟು ಮಾಡುವ, ಬಾಗುವ ತೆಳು ಹಾಳೆ. ಅದಕ್ಕೆ ನಾವು ಕೊಡುವ ಅಂಕಗಳನ್ನು ಮೊದಲೇ ಹೇಳಿಬಿಡುತ್ತೇವೆ. ಹುಬ್ಬಳ್ಳಿಯ ದುರ್ಗದ ಬೈಲಿನಂಥ ಪೇಟೆಯಲ್ಲಿ, ಅಂಗಡಿಯೊಳಗಿನ ದೀಪದ ಬೆಳಕಿಗೆ ಸಣ್ಣ ಸೆನ್ಸರ್ ನಡೆಸಲು ಈ ಫಿಲ್ಮ್‌ಗೆ ಐದರಲ್ಲಿ ನಾಲ್ಕು. ಮಳೆ ನೇರವಾಗಿ ಬಡಿಯದ ಗೋಡೆಗೆ ಅಂಟಿಸಲು ಮೂರು. ಗದಗ, ಹಾವೇರಿ ಕಡೆಯ ತಗಡಿನ ಶೆಡ್ಡಿನ ಮೇಲೆ ಹಾಕಲು ಎರಡು. ಪಂಪ್‌ಸೆಟ್ಟಿಗೆ ಅಂಕವೇ ಇಲ್ಲ. ಅಲ್ಲಿಗೆ ಮಾಮೂಲಿ ಸಿಲಿಕಾನ್ ಪ್ಯಾನೆಲ್ಲೇ ಸರಿ.

ಒಂದೇ ವಸ್ತುವಿಗೆ ಇಷ್ಟು ಬೇರೆ ಬೇರೆ ಅಂಕ ಯಾಕೆ? ಈ ಫಿಲ್ಮಿನ ಆಯುಷ್ಯ ಅದು ಕುಳಿತ ಜಾಗದ ಮೇಲೆ ಅಷ್ಟು ಅವಲಂಬಿಸಿದೆ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ "ಎಷ್ಟು ಪರ್ಸೆಂಟ್ ಎಫಿಶಿಯೆನ್ಸಿ?" ಎನ್ನುವುದು, ಅಂದರೆ ಬಿದ್ದ ಬೆಳಕಿನಲ್ಲಿ ಎಷ್ಟು ಭಾಗ ಕರೆಂಟಾಗುತ್ತದೆ ಎಂದು. ಪ್ರಯೋಗಾಲಯದ ಉಗುರಗಲದ ಕೋಶಗಳಲ್ಲಿ ಅದು 19 ಪ್ರತಿಶತ ದಾಟಿದೆ. ಮಾರಾಟಕ್ಕೆ ಬರುವ ಫಿಲ್ಮ್‌ಗಳಲ್ಲಿ ಸಾಮಾನ್ಯವಾಗಿ 5ರಿಂದ 9 ಪ್ರತಿಶತದ ಆಸುಪಾಸು. ಈ ಅಂಕಿಯನ್ನೇ ಹಿಡಿದು ಒಂದು ಫಿಲ್ಮನ್ನು ಇನ್ನೊಂದರೊಂದಿಗೆ ಹೋಲಿಸಿದರೆ ಮೋಸ ಹೋಗುವುದು ಖಾತ್ರಿ. 8 ಪ್ರತಿಶತದ್ದು ಎರಡು ಮಳೆಗಾಲಕ್ಕೆ ಸತ್ತು, 5 ಪ್ರತಿಶತದ್ದು ವರ್ಷಗಟ್ಟಲೆ ನಡೆಯುವುದು ಸಾಧ್ಯವಿದೆ. ಅದನ್ನು ನಿರ್ಧರಿಸುವುದು ಒಳಗಿನ ಪದರಗಳ ಜೋಡಣೆ, ಬೆಳಕಿನ ನೇರಳಾತೀತ ಭಾಗ, ಬಿಸಿ ಮತ್ತು ಅಂಚಿನ ಸೀಲು. ಈ ವಿಮರ್ಶೆ ಬಹುಪಾಲು ಅವುಗಳ ಬಗ್ಗೆಯೇ.

ಫಿಲ್ಮನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿ. ಉದ್ದಕ್ಕೆ ಪಟ್ಟೆ ಪಟ್ಟೆಯಾಗಿ ನೀಲಿ, ನೇರಳೆ ಅಥವಾ ಹಸಿರು ಬಣ್ಣದ ಗೆರೆಗಳು, ನಡುವೆ ಬೆಳಕು ಪೂರ್ತಿ ತೂರುವ ಸಣ್ಣ ಸಂದು. ಒಂದೊಂದು ಪಟ್ಟೆಯೂ ಒಂದೊಂದು ಕೋಶ, ಎಲ್ಲವೂ ಸರಣಿಯಲ್ಲಿ ಜೋಡಣೆ. ಒಂದು ಕೋಶ ಬಳಸಿದ ವಸ್ತುವಿಗೆ ತಕ್ಕಂತೆ ಸುಮಾರು 0.5ರಿಂದ 0.85 ವೋಲ್ಟ್ ಕೊಡುತ್ತದೆ. ಪಟ್ಟೆ ಎಣಿಸಿದರೆ ವೋಲ್ಟೇಜಿನ ಅಂದಾಜು ಅಲ್ಲಿಯೇ ಸಿಕ್ಕಿತು. ಬಣ್ಣ ಕೊಡುವ ಸಕ್ರಿಯ ಪದರದ ದಪ್ಪ 100ರಿಂದ 300 ನ್ಯಾನೋಮೀಟರ್ ಮಾತ್ರ. ಅದರಲ್ಲಿ ಎರಡು ವಸ್ತು ಬೆರೆತಿರುತ್ತವೆ: ಎಲೆಕ್ಟ್ರಾನ್ ಕೊಡುವ ಪಾಲಿಮರ್, ಅದನ್ನು ಸ್ವೀಕರಿಸುವ ಇನ್ನೊಂದು ಅಣು. ಇದರ ಕೆಳಗೊಂದು, ಮೇಲೊಂದು, ಹುಟ್ಟಿದ ಕರೆಂಟನ್ನು ಹೊರಗೊಯ್ಯುವ ತೆಳು ಸಾಗಣೆ ಪದರ. ಆಚೆಗೆ ಪಾರದರ್ಶಕ ವಿದ್ಯುದ್ವಾರ, ಬೆಳ್ಳಿಯ ವಿದ್ಯುದ್ವಾರ. ಎಲ್ಲದರ ಹೊರಗೆ ಎರಡೂ ಕಡೆ ಗಾಳಿ-ನೀರು ತಡೆಯುವ ಬ್ಯಾರಿಯರ್ ಫಿಲ್ಮ್ ಮತ್ತು ಅಂಟು.

1986ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಪದರದ ಆರ್ಗ್ಯಾನಿಕ್ ಕೋಶವನ್ನು ಪ್ರಕಟಿಸಿದಾಗ ಎಫಿಶಿಯೆನ್ಸಿ ಸುಮಾರು 1 ಪ್ರತಿಶತ. 1995ರಲ್ಲಿ ಎರಡು ವಸ್ತುಗಳನ್ನು ಬೆರೆಸಿಯೇ ಹಚ್ಚುವ ಪದ್ಧತಿ ಬಂತು. ಮುಂದೆ ಎರಡು ದಶಕ ಫುಲ್ಲರೀನ್ ಎಂಬ ಇಂಗಾಲದ ಚೆಂಡಿನದೇ ಕಾರುಬಾರು. 2015ರಲ್ಲಿ ಐಟಿಐಸಿ, 2019ರಲ್ಲಿ ವೈ6 ಎಂಬ ಹೊಸ ಸ್ವೀಕಾರಕ ಅಣುಗಳು ಬಂದ ಮೇಲೆ ಚಿತ್ರವೇ ಬದಲಾಯಿತು. ವೈ6 ಮೊದಲ ವರದಿಯಲ್ಲೇ 15.7 ಪ್ರತಿಶತ ತೋರಿಸಿತು. ಎಫಿಶಿಯೆನ್ಸಿ ಏರಿತು, ಆದರೆ ಕೆಡುವ ದಾರಿಗಳೂ ಬದಲಾದವು. ಹಳೆಯ ಫುಲ್ಲರೀನ್ ಫಿಲ್ಮುಗಳಲ್ಲಿ ಬೆಳಕು ಬಿದ್ದಂತೆ ಪಕ್ಕಪಕ್ಕದ ಅಣುಗಳು ಜೋಡಿಯಾಗಿ ಅಂಟಿಕೊಂಡು, ಮೊದಲ ಕೆಲವು ನೂರು ಗಂಟೆಗಳಲ್ಲೇ ಕರೆಂಟು ದಡದಡ ಇಳಿಯುತ್ತಿತ್ತು. ಈ ಆರಂಭದ ಇಳಿತಕ್ಕೆ ಬರ್ನ್-ಇನ್ ಎನ್ನುತ್ತಾರೆ. ಹೊಸ ಅಣುಗಳಲ್ಲಿ ಆ ಜೋಡಿಯಾಗುವ ಕಾಟವಿಲ್ಲ. ಬದಲಿಗೆ ಬೇರೆ ಕಡೆಯಿಂದ ಪೆಟ್ಟು ಬೀಳುತ್ತದೆ.

ಆ ಪೆಟ್ಟು ಬೀಳುವುದು ಝಿಂಕ್ ಆಕ್ಸೈಡ್ ಪದರದಿಂದ. ಎಲೆಕ್ಟ್ರಾನ್ ಸಾಗಿಸಲು ಅಗ್ಗದ, ಸುಲಭವಾಗಿ ಹಚ್ಚಬಹುದಾದ ವಸ್ತು ಅದೇ, ಹಾಗಾಗಿ ಬಹಳಷ್ಟು ಮುದ್ರಿತ ಫಿಲ್ಮುಗಳಲ್ಲಿ ಅದೇ ಇರುತ್ತದೆ. ನೇರಳಾತೀತ ಕಿರಣ ಬಿದ್ದಾಗ ಝಿಂಕ್ ಆಕ್ಸೈಡ್ ಸುಮ್ಮನೆ ಕೂರುವುದಿಲ್ಲ, ಫೋಟೋ-ವೇಗವರ್ಧಕವಾಗಿ, ಅಂದರೆ ಬೆಳಕಿನ ಬಲದಿಂದ ರಾಸಾಯನಿಕ ಕ್ರಿಯೆ ಚುರುಕು ಮಾಡುವ ವಸ್ತುವಾಗಿ, ಕೆಲಸ ಶುರು ಮಾಡುತ್ತದೆ. ತನಗೆ ತಾಗಿಕೊಂಡ ಸ್ವೀಕಾರಕ ಅಣುವಿನ ನಡುಭಾಗವನ್ನೂ ತುದಿಯ ಗುಂಪನ್ನೂ ಬೆಸೆದಿರುವ ಇಂಗಾಲ-ಇಂಗಾಲ ಜೋಡಿಬಂಧವನ್ನು ಒಡೆಯುತ್ತದೆ. ಒಡೆಯುವುದು ಗಡಿಯಲ್ಲಿನ ಕೆಲವೇ ನ್ಯಾನೋಮೀಟರ್. ಆದರೆ ಎಲೆಕ್ಟ್ರಾನುಗಳೆಲ್ಲ ಹಾದುಹೋಗಬೇಕಾದ ಬಾಗಿಲು ಅದೇ ಗಡಿ. ಫಿಲ್ಮಿನ ಬಣ್ಣ ಹಾಗೇ ಇರುತ್ತದೆ, ಸಿಗುವ ಶಕ್ತಿ ಮಾತ್ರ ಇಳಿಯುತ್ತದೆ. ನೋಡಿದವರಿಗೆ ಕಾರಣ ಗೊತ್ತಾಗುವುದೇ ಇಲ್ಲ.

ಇದಕ್ಕೆ ಮದ್ದು ಇದೆ. ಝಿಂಕ್ ಆಕ್ಸೈಡ್ ಬದಲು ಟಿನ್ ಆಕ್ಸೈಡ್ ಹಾಕಬಹುದು, ಅದರ ಫೋಟೋ-ವೇಗವರ್ಧನೆ ಬಹಳ ಕಡಿಮೆ. ಅಥವಾ ಝಿಂಕ್ ಆಕ್ಸೈಡಿನ ಮೇಲೆ ಒಂದೇ ಅಣು ದಪ್ಪದ ರಕ್ಷಣಾ ಪದರ ಕೂರಿಸಬಹುದು. 2021ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸ್ಟೀಫನ್ ಫಾರೆಸ್ಟ್ ತಂಡ ಇಂಥ ರಕ್ಷಣಾ ಪದರವನ್ನು ಝಿಂಕ್ ಆಕ್ಸೈಡ್ ಕಡೆಗೂ, ತೆಳುವಾದ ಫುಲ್ಲರೀನ್ ಪದರವನ್ನು ಎದುರು ಬದಿಯ ಸಾಗಣೆ ಪದರವಾದ ಮಾಲಿಬ್ಡಿನಂ ಆಕ್ಸೈಡ್ ಕಡೆಗೂ ಹಾಕಿ, ಮುಂದೆ ನೇರಳಾತೀತ ತಡೆಯುವ ಫಿಲ್ಟರ್ ಇಟ್ಟು, ಕೋಶದ ಆಂತರಿಕ ಆಯುಷ್ಯ 30 ವರ್ಷ ಮೀರಬಹುದೆಂದು ತೋರಿಸಿತು. ಗಮನಿಸಿ, ಅದು ತೀವ್ರ ಬೆಳಕಿನಲ್ಲಿ ವೇಗವಾಗಿ ಕೆಡಿಸಿ, ಹಿಂದಕ್ಕೆ ಲೆಕ್ಕ ಹಾಕಿ ತೆಗೆದ ಅಂದಾಜು, ಗಾಳಿ-ನೀರು ತಾಗದ ಸಣ್ಣ ಕೋಶದ್ದು. ಆದರೂ ಅದರಿಂದ ಒಂದು ಮಾತು ಖಚಿತವಾಯಿತು: ಆರ್ಗ್ಯಾನಿಕ್ ಎಂದ ಮಾತ್ರಕ್ಕೆ ಬೇಗ ಕೆಡಬೇಕೆಂದಿಲ್ಲ. ಕೆಡುವುದು ಗಡಿಗಳಲ್ಲಿ, ಗಡಿಗಳನ್ನು ಕಾಯಬಹುದು.

ಕೊಳ್ಳುವವರಿಗೆ ಇದರಿಂದ ಏನು ಉಪಯೋಗ? ಮಾರುವವರನ್ನು ಎರಡು ಪ್ರಶ್ನೆ ಕೇಳಿ. ಎಲೆಕ್ಟ್ರಾನ್ ಸಾಗಣೆ ಪದರ ಯಾವುದು? ಮುಂದಿನ ಬ್ಯಾರಿಯರ್ ಫಿಲ್ಮ್ ಎಷ್ಟು ನ್ಯಾನೋಮೀಟರಿನವರೆಗೆ ನೇರಳಾತೀತವನ್ನು ತಡೆಯುತ್ತದೆ? 380ರಿಂದ 400 ಎಂದರೆ ಸರಿ. ಉತ್ತರವೇ ಬರದಿದ್ದರೆ ಆ ಫಿಲ್ಮನ್ನು ಒಳಾಂಗಣಕ್ಕಷ್ಟೇ ಎಂದುಕೊಳ್ಳಿ. ಹೊರಗೆ ಹಾಕಲೇಬೇಕಿದ್ದರೆ ಯುವಿ ಕಟ್ ಫಿಲ್ಮ್ ಬೇರೆಯಾಗಿ ತಂದು ಮುಂದೆ ಅಂಟಿಸಬಹುದು, ಕರೆಂಟಿನಲ್ಲಿ ಕೆಲವೇ ಪ್ರತಿಶತ ಕಳೆಯುತ್ತೀರಿ. ಇದರಲ್ಲಿ ಒಂದು ತೊಡಕೂ ಇದೆ. ಕೆಲವು ಝಿಂಕ್ ಆಕ್ಸೈಡ್, ಟೈಟಾನಿಯಂ ಆಕ್ಸೈಡ್ ಫಿಲ್ಮುಗಳು ಕತ್ತಲಲ್ಲಿದ್ದು ಹೊರಬಂದಾಗ ಚುರುಕಾಗಲು ಸ್ವಲ್ಪ ನೇರಳಾತೀತ ಬೇಕು. ಅದನ್ನು ಪೂರ್ತಿ ತಡೆದರೆ ಅವು ಅರ್ಧ ನಿದ್ದೆಯಲ್ಲೇ ಉಳಿಯುತ್ತವೆ. ಫಿಲ್ಟರ್ ಇಟ್ಟೂ ಇಡದೆಯೂ ಒಂದೊಂದು ಸಲ ಅಳೆದು ನೋಡಿಯೇ ಅಂಟಿಸಿ.

ಈಗ ಬಿಸಿ. ತಗಡಿನ ಮೇಲೆ ನಾವು ಎರಡೇ ಅಂಕ ಕೊಟ್ಟದ್ದು ಇದಕ್ಕೆ. ಸಕ್ರಿಯ ಪದರದಲ್ಲಿ ಎರಡು ವಸ್ತು ಹತ್ತಾರು ನ್ಯಾನೋಮೀಟರ್ ಅಳತೆಯಲ್ಲಿ ಹೆಣೆದುಕೊಂಡಿದ್ದರೆ ಮಾತ್ರ ಕರೆಂಟು ಹುಟ್ಟುತ್ತದೆ, ಯಾಕೆಂದರೆ ಬೆಳಕಿನಿಂದ ಹುಟ್ಟಿದ ಜೋಡಿ (ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗ) ಸುಮಾರು 10 ನ್ಯಾನೋಮೀಟರ್ ಓಡಾಡುವಷ್ಟರಲ್ಲಿ ಗಡಿ ಸಿಗಬೇಕು. ಈ ಹೆಣಿಗೆ ಸ್ಥಿರವಲ್ಲ. ಪದರ ಒಣಗುವಾಗ ಅರ್ಧದಲ್ಲಿ ಹೆಪ್ಪುಗಟ್ಟಿದ ಸ್ಥಿತಿ ಅದು, ಬಿಸಿ ಸಿಕ್ಕರೆ ಅಣುಗಳು ಮತ್ತೆ ಸರಿದಾಡಿ ತಮ್ಮತಮ್ಮವರ ಜತೆ ಗುಂಪು ಕಟ್ಟುತ್ತವೆ. ಮಿಶ್ರಣದ ಗಾಜು ಸಂಕ್ರಮಣ ತಾಪಮಾನ (ಗಟ್ಟಿ ಪದರ ಮೆತ್ತಗಾಗಿ ಅಣುಗಳು ಸರಿದಾಡತೊಡಗುವ ತಾಪ) ಬಿಸಿಲಿನ ತಾಪಕ್ಕಿಂತ ಎಷ್ಟು ಮೇಲಿದೆಯೋ ಅಷ್ಟು ಕ್ಷೇಮ. ಹಳೆಯ ಪಿ3ಎಚ್‌ಟಿ ಪಾಲಿಮರಿನ ಸಂಕ್ರಮಣ ತಾಪ ಕೋಣೆಯ ತಾಪಕ್ಕಿಂತಲೂ ಕೆಳಗಿತ್ತು; ಅದರೊಳಗೆ ಫುಲ್ಲರೀನ್ ಹರಳುಗಟ್ಟುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದಿತ್ತು.

ಏಪ್ರಿಲ್ ಮಧ್ಯಾಹ್ನ ಗದಗ ಕಡೆಯ ಬಣ್ಣದ ತಗಡು 60 ಡಿಗ್ರಿ ದಾಟುವುದು ಸಹಜ. ಸಿಲಿಕಾನ್ ಪ್ಯಾನೆಲ್ಲಿಗೆ ಕೆಳಗೆ ನಾಲ್ಕಾರು ಇಂಚು ಗಾಳಿ ಆಡುತ್ತದೆ. ಫಿಲ್ಮನ್ನು ತಗಡಿಗೇ ಅಂಟಿಸುವುದರಿಂದ ಆ ಗಾಳಿ ಇಲ್ಲ, ತಗಡಿನ ಬಿಸಿಯೇ ಫಿಲ್ಮಿನ ಬಿಸಿ. ಇಲ್ಲಿ ಮಾರುವವರು ಒಂದು ಅರ್ಧಸತ್ಯ ಹೇಳುತ್ತಾರೆ: "ಬಿಸಿಯಾದರೆ ಸಿಲಿಕಾನ್ ಇಳಿಯುತ್ತದೆ, ಇದು ಇಳಿಯುವುದಿಲ್ಲ." ಆ ಕ್ಷಣದ ಮಟ್ಟಿಗೆ ಮಾತು ನಿಜ. ಸಿಲಿಕಾನ್ ಪ್ರತಿ ಡಿಗ್ರಿಗೆ 0.3ರಿಂದ 0.4 ಪ್ರತಿಶತ ಕಳೆದುಕೊಳ್ಳುತ್ತದೆ, ಆರ್ಗ್ಯಾನಿಕ್ ಫಿಲ್ಮ್ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ, ಕೆಲವೊಮ್ಮೆ ತುಸು ಏರುವುದೂ ಉಂಟು. ಆದರೆ ಆ ಬಿಸಿ ವರ್ಷಗಳ ಮೇಲೆ ಮಾಡುವ ಹಾನಿ ಬೇರೆಯೇ ಲೆಕ್ಕ. ಮಧ್ಯಾಹ್ನದ ಮೀಟರ್ ಓದಿ ಆಯುಷ್ಯ ಅಳೆಯಬೇಡಿ.

ತಗಡಿನ ಆಸೆ ಎಲ್ಲಿಂದ ಬರುತ್ತದೆಂದರೆ ತೂಕದಿಂದ. 20 ಅಡಿ ಉದ್ದ, 10 ಅಡಿ ಅಗಲದ ಶೆಡ್ಡು ಅಂದರೆ ಸುಮಾರು 18.6 ಚದರ ಮೀಟರ್. ಸಿಲಿಕಾನ್ ಪ್ಯಾನೆಲ್ ಚದರ ಮೀಟರಿಗೆ 11-12 ಕಿಲೋ, ಒಟ್ಟು 200 ಕಿಲೋ ಮೀರುತ್ತದೆ, ಮೇಲೆ ಕಬ್ಬಿಣದ ಸ್ಟ್ಯಾಂಡು. ಫಿಲ್ಮ್ ಚದರ ಮೀಟರಿಗೆ ಎರಡು ಕಿಲೋ ಎಂದುಕೊಂಡರೂ 40ರೊಳಗೆ ಮುಗಿಯಿತು. ಬಡಕಲು ಆ್ಯಂಗಲ್ ಮೇಲೆ ನಿಂತ ಹಳೆಯ ಗೋಡೌನಿಗೆ ಇದು ದೊಡ್ಡ ಮಾತು, ಒಪ್ಪುತ್ತೇವೆ. ಆದರೆ ಅದೇ ಜಾಗದಲ್ಲಿ 20 ಪ್ರತಿಶತದ ಸಿಲಿಕಾನ್ 3.7 ಕಿಲೋವ್ಯಾಟ್ ಕೊಟ್ಟರೆ 7 ಪ್ರತಿಶತದ ಫಿಲ್ಮ್ 1.3 ಕಿಲೋವ್ಯಾಟ್. ತಗಡಿಗೆ ಹಾಕಲೇಬೇಕಾದರೆ ನಿರ್ವಾತದಲ್ಲಿ ಸಣ್ಣ ಅಣುಗಳನ್ನು ಆವಿ ಮಾಡಿ ಕೂರಿಸಿದ ಫಿಲ್ಮ್ ಕೇಳಿ. ಜರ್ಮನಿಯ ಡ್ರೆಸ್ಡೆನ್ನಿನ ಹೆಲಿಯಾಟೆಕ್ ಈ ಪದ್ಧತಿಯದು. ಅದರಲ್ಲಿ ದ್ರಾವಕದ ಉಳಿಕೆಯ ಪ್ರಶ್ನೆಯೇ ಬರುವುದಿಲ್ಲ.

ದ್ರಾವಕದ ಉಳಿಕೆ ಎಂದೆವಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದ್ರಾವಣ ಹಚ್ಚಿ ಮಾಡುವ ಕೋಶಗಳಲ್ಲಿ ಹೆಣಿಗೆ ಚೆನ್ನಾಗಿ ಬರಲೆಂದು 1,8-ಡೈಅಯೋಡೋಆಕ್ಟೇನ್ ಎಂಬ ಸೇರ್ಪಡೆಯನ್ನು ಸಾಮಾನ್ಯವಾಗಿ ಶೇಕಡಾ ಅರ್ಧದಿಂದ ಮೂರರಷ್ಟು ಹಾಕುವ ರೂಢಿ ಇತ್ತು. ಎಫಿಶಿಯೆನ್ಸಿ ಏರುತ್ತದೆ. ಆದರೆ ಅದರ ಕುದಿಬಿಂದು ಬಹಳ ಮೇಲೆ, ಪೂರ್ತಿ ಹಾರಿಹೋಗುವುದಿಲ್ಲ. ಒಳಗೆ ಉಳಿದದ್ದು ಬೆಳಕಿಗೆ ಒಡೆದು ಅಯೋಡಿನ್ನಿನ ಚೂರುಗಳನ್ನೂ ಆಮ್ಲವನ್ನೂ ಬಿಡುತ್ತದೆ, ಅವು ಪಾಲಿಮರನ್ನೇ ತಿನ್ನುತ್ತವೆ. ದಾಖಲೆಯ ಎಫಿಶಿಯೆನ್ಸಿಗಾಗಿ ಮಾಡಿದ ಪಾಕ ಬಾಳಿಕೆಗೆ ಒಳ್ಳೆಯದಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಪಾಲಿಮರ್ ತಯಾರಿಸುವಾಗ ಉಳಿದ ಪಲ್ಲೇಡಿಯಂ ಕಣಗಳೂ ಹೀಗೆಯೇ ಕಾಟ ಕೊಡುತ್ತವೆ. ಒಂದೇ ಹೆಸರಿನ ವಸ್ತು ಒಂದು ಬ್ಯಾಚಿನಲ್ಲಿ ಬಾಳಿ ಇನ್ನೊಂದರಲ್ಲಿ ಸೋಲಲು ಇದೊಂದು ಕಾರಣ.

ನೀರಿನ ವಿಷಯಕ್ಕೆ ಬಂದರೆ ಧಾರವಾಡವನ್ನೇ ಎದುರಿಗೆ ಇಟ್ಟುಕೊಳ್ಳಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಅರಿವೆ ಒಣಗದ ಊರು. ಮಾಮೂಲಿ ಪೆಟ್ ಪ್ಲಾಸ್ಟಿಕ್ ಹಾಳೆ ಚದರ ಮೀಟರಿಗೆ ದಿನಕ್ಕೆ ಗ್ರಾಂಗಟ್ಟಲೆ ನೀರಿನ ಆವಿ ಬಿಡುತ್ತದೆ. ಆರ್ಗ್ಯಾನಿಕ್ ಕೋಶ ವರ್ಷಗಟ್ಟಲೆ ಬಾಳಲು ಅದು 0.001 ಗ್ರಾಮಿಗೆ, ಸಾಧ್ಯವಾದರೆ ಅದಕ್ಕೂ ಕೆಳಗೆ ಇಳಿಯಬೇಕು. ಅದಕ್ಕೆಂದೇ ಬ್ಯಾರಿಯರ್ ಫಿಲ್ಮಿನಲ್ಲಿ ಸಿಲಿಕಾನ್ ಆಕ್ಸೈಡ್ ಅಥವಾ ಅಲ್ಯುಮಿನಿಯಂ ಆಕ್ಸೈಡಿನ ತೆಳು ಪದರಗಳಿರುತ್ತವೆ. ಡೇಟಾಶೀಟಿನಲ್ಲಿ ಈ ಅಂಕಿ ಹುಡುಕಿ. "ವಾಟರ್‌ಪ್ರೂಫ್" ಎಂಬ ಒಂದು ಮಾತು ಸಾಲದು. ನೀರಿನ ಹನಿ ತಡೆಯುವುದು ಬೇರೆ, ಆವಿ ತಡೆಯುವುದು ಬೇರೆ.

ಮೇಲ್ಮೈ ಎಷ್ಟೇ ಗಟ್ಟಿಯಿದ್ದರೂ ಆವಿ ಅಂಚಿನ ಅಂಟಿನೊಳಗಿಂದ ನುಸುಳುತ್ತದೆ. ಅಂಚಿನಲ್ಲಿ ಬಣ್ಣವಿಲ್ಲದ, ಬರೀ ಅಂಟಿರುವ ಪಟ್ಟಿ ಎಷ್ಟು ಅಗಲ ಇದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ. ಆವಿ ಒಳಗಿನ ಕೋಶವನ್ನು ಮುಟ್ಟಲು ಹಿಡಿಯುವ ಕಾಲ ಈ ಅಗಲದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 5 ಮಿ.ಮೀ. ಇದ್ದದ್ದು 10 ಮಿ.ಮೀ. ಆದರೆ ಕಾಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮಾರುವವರು ಜಾಗ ಉಳಿಸಲು ಅಂಚನ್ನು 2-3 ಮಿ.ಮೀ.ಗೆ ಕತ್ತರಿಸಿ ಕಳಿಸಿದ್ದರೆ ವಾಪಸ್ ಮಾಡಿ. ನೀವೂ ಅಳತೆಗೆಂದು ಅಂಚಿಗೆ ಕತ್ತರಿ ಹಾಕಬೇಡಿ. ರೋಲಿನಿಂದ ತುಂಡು ಮಾಡಿದ್ದರೆ ಕತ್ತರಿಸಿದ ಬದಿಯನ್ನು ಅದೇ ದಿನ ರಬ್ಬರಿನಂಥ ಬ್ಯೂಟೈಲ್ ಟೇಪಿನಿಂದ ಎರಡೂ ಕಡೆ ಮಡಚಿ ಒತ್ತಿ ಮುಚ್ಚಬೇಕು.

ನೀರು ಒಳಹೊಕ್ಕ ಗುರುತು ಕಣ್ಣಿಗೆ ಕಾಣುತ್ತದೆ. ಮೊದಲು ಅಂಚಿನ ಬೆಳ್ಳಿ ಗೆರೆ ಕಂದಾಗುತ್ತದೆ. ಆಮೇಲೆ ಆಮ್ಲಜನಕವೂ ಬೆಳಕೂ ಸೇರಿ ಪಟ್ಟೆಯ ತುದಿಯಿಂದ ಬಣ್ಣ ತಿಳಿಯಾಗುತ್ತ ಒಳಕ್ಕೆ ಸರಿಯುತ್ತದೆ, ನೀಲಿ ಇದ್ದದ್ದು ಹಳದಿ ಮಿಶ್ರಿತ ಮಾಸಲಾಗುತ್ತದೆ. ಬಣ್ಣ ಹೋದ ಜಾಗ ಸತ್ತ ಜಾಗ, ಅದು ಮರಳಿ ಬರುವುದಿಲ್ಲ. ಒಳಗೆ ಕರೆಂಟು ಹರಿಸುವ ಪಾಲಿಮರಾದ ಪೆಡಾಟ್-ಪಿಎಸ್‌ಎಸ್ ಪದರ ಇದ್ದರೆ ಹಾವಳಿ ಇನ್ನೂ ಜೋರು, ಯಾಕೆಂದರೆ ಅದು ಆಮ್ಲೀಯ, ನೀರನ್ನು ತಾನೇ ಎಳೆದುಕೊಳ್ಳುವ ವಸ್ತು. ಹಳೆಯ ಜೋಡಣೆಯಲ್ಲಿ ಅದು ಪಾರದರ್ಶಕ ವಿದ್ಯುದ್ವಾರವಾದ ಇಂಡಿಯಂ ಟಿನ್ ಆಕ್ಸೈಡನ್ನು ಕೊರೆಯುತ್ತಿತ್ತು, ಮೇಲಿನ ಕ್ಯಾಲ್ಸಿಯಂ-ಅಲ್ಯುಮಿನಿಯಂ ಗಾಳಿ ತಾಗಿದರೆ ಸಾಕು ಆಕ್ಸೈಡ್ ಆಗುತ್ತಿತ್ತು. ಈಗ ಮೇಲುಕೆಳಗು ಮಾಡಿದ ಜೋಡಣೆ, ಮೇಲೆ ಮಾಲಿಬ್ಡಿನಂ ಆಕ್ಸೈಡ್ ಮತ್ತು ಬೆಳ್ಳಿ. ಇದು ನಿಸ್ಸಂಶಯವಾಗಿ ಗಟ್ಟಿ.

ಡೇಟಾಶೀಟಿನಲ್ಲಿ ಆಯುಷ್ಯವನ್ನು ಟಿ80 ಎಂದು ಬರೆದಿರುತ್ತಾರೆ, ಅಂದರೆ ಶಕ್ತಿ 80 ಪ್ರತಿಶತಕ್ಕೆ ಇಳಿಯುವ ತನಕದ ಗಂಟೆಗಳು. ಯಾವ 100ರಿಂದ 80 ಎಂದು ನೋಡಿ. ಬರ್ನ್-ಇನ್ ಮುಗಿದ ಮೇಲಿನಿಂದ ಎಣಿಸಿದ್ದರೆ ಅದಕ್ಕೂ ಮೊದಲು ಕಳೆದದ್ದು ಲೆಕ್ಕಕ್ಕೇ ಬಂದಿಲ್ಲ. ಪರೀಕ್ಷೆಯ ಹೆಸರನ್ನೂ ನೋಡಿ. 2011ರಲ್ಲಿ ಈ ಕ್ಷೇತ್ರದವರು ಸೇರಿ ಐಸೋಸ್ ಎಂಬ ಪರೀಕ್ಷಾ ಕ್ರಮಗಳನ್ನು ಒಪ್ಪಿಕೊಂಡರು: ಡಿ ಎಂದರೆ ಕತ್ತಲು, ಎಲ್ ಎಂದರೆ ದೀಪದ ಬೆಳಕು, ಓ ಎಂದರೆ ಹೊರಗಿನ ಬಿಸಿಲು, ಟಿ ಎಂದರೆ ತಾಪದ ಏರಿಳಿತ, ಪ್ರತಿಯೊಂದರಲ್ಲೂ 1, 2, 3 ಎಂಬ ಮಟ್ಟ. ಡಿ-1 ಅಂದರೆ ಕಪಾಟಿನಲ್ಲಿ ಇಟ್ಟದ್ದು ಅಷ್ಟೇ, ಅದನ್ನೇ ದೊಡ್ಡದು ಮಾಡಿ ತೋರಿಸಿದರೆ ನಂಬಬೇಡಿ. ತಗಡಿಗೆ ಹಾಕುವವರಿಗೆ ಸೋಲಾರ್ ಪ್ಯಾನೆಲ್ಲುಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಇಸಿ 61215ರ ತೇವ-ಬಿಸಿ ಪರೀಕ್ಷೆ ಪಾಸಾಗಿರಬೇಕು: 85 ಡಿಗ್ರಿ, 85 ಪ್ರತಿಶತ ತೇವಾಂಶ, 1000 ಗಂಟೆ.

ಗಂಟೆಯ ಲೆಕ್ಕವನ್ನು ನಮ್ಮ ಬಿಸಿಲಿಗೆ ಇಳಿಸಿಕೊಳ್ಳುವುದು ಸುಲಭ. ನಮ್ಮ ಭಾಗದಲ್ಲಿ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಚದರ ಮೀಟರಿಗೆ ಸುಮಾರು 5 ಕಿಲೋವ್ಯಾಟ್-ಅವರ್, ಅಂದರೆ ಪೂರ್ಣ ಬಿಸಿಲಿನ 5 ಗಂಟೆ. ಲ್ಯಾಬಿನ ಪೂರ್ಣ ಬೆಳಕಿನ 1000 ಗಂಟೆ ಎಂದರೆ ನಮ್ಮಲ್ಲಿ 200 ದಿನ, ಆರೂವರೆ ತಿಂಗಳು. "1000 ಗಂಟೆ ಆದರೂ 90 ಪ್ರತಿಶತ ಉಳಿದಿದೆ" ಎಂಬ ಸಾಲು ಓದಿ ಹಿಗ್ಗುವ ಮುನ್ನ ಈ ಭಾಗಾಕಾರ ಮಾಡಿ. ಆ ದೀಪ ಬಿಳಿ ಎಲ್‌ಇಡಿ ಆಗಿದ್ದರೆ ಅದರಲ್ಲಿ ನೇರಳಾತೀತವೇ ಇಲ್ಲ, ಝಿಂಕ್ ಆಕ್ಸೈಡಿನ ತೊಂದರೆ ಆ ಪರೀಕ್ಷೆಯಲ್ಲಿ ತಲೆ ಎತ್ತುವುದೇ ಇಲ್ಲ.

ಕೂರಿಸುವಾಗ ಮೂರು ಕಡೆ ಎಚ್ಚರ ಬೇಕು. ಮೊದಲನೆಯದು ಬಾಗಿಸುವುದು. ಹೊರಮೈಗೆ ಬೀಳುವ ಎಳೆತ ಎಂದರೆ ಫಿಲ್ಮಿನ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದ್ದು. ಕಾಲು ಮಿ.ಮೀ. ದಪ್ಪದ ಫಿಲ್ಮನ್ನು 12.5 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿದರೆ ಎಳೆತ 1 ಪ್ರತಿಶತ. ಬ್ಯಾರಿಯರಿನ ಆಕ್ಸೈಡ್ ಪದರ, ಇಂಡಿಯಂ ಟಿನ್ ಆಕ್ಸೈಡ್ ಬಿರುಕು ಬಿಡುವುದು ಹೆಚ್ಚುಕಡಿಮೆ ಅಲ್ಲಿಂದಲೇ. ಬಿರುಕು ಕಾಣುವುದಿಲ್ಲ, ತಿಂಗಳುಗಳ ಮೇಲೆ ಆ ಗೆರೆಯಗುಂಟ ಬಣ್ಣ ಮಾಸಿದಾಗಲೇ ಗೊತ್ತಾಗುವುದು. 10 ಸೆಂ.ಮೀ.ಗಿಂತ ಸಣ್ಣ ತ್ರಿಜ್ಯಕ್ಕೆ ಸುತ್ತಬೇಡಿ. ಕೊರಿಯರಿನವರು ಮಡಚಿ ತಂದರೆ ತೆಗೆದುಕೊಳ್ಳಲೇಬೇಡಿ.

ಎರಡನೆಯದು ನೆರಳು. ಕಂಬದ್ದೋ ಪೈಪಿನದ್ದೋ ನೆರಳು ಪಟ್ಟೆಗಳ ಉದ್ದಕ್ಕೆ ಬಿದ್ದು ಒಂದೇ ಪಟ್ಟೆ ಪೂರ್ತಿ ಮುಚ್ಚಿದರೆ, ಉಳಿದವು ಅದರೊಳಗೆ ಉಲ್ಟಾ ವೋಲ್ಟೇಜ್ ನೂಕುತ್ತವೆ, ಅದು ಬಿಸಿಯಾಗಿ ಒಳಗೇ ಶಾರ್ಟ್ ಆಗಬಹುದು. ನೆರಳು ಪಟ್ಟೆಗಳಿಗೆ ಅಡ್ಡವಾಗಿ, ಎಲ್ಲದರ ಮೇಲೂ ಸಮವಾಗಿ ಬೀಳುವಂತೆ ಫಿಲ್ಮನ್ನು ತಿರುಗಿಸಿ ಅಂಟಿಸಿ. ಆಗ ಕರೆಂಟು ಮಾತ್ರ ತುಸು ಇಳಿಯುತ್ತದೆ, ಹಾನಿ ಇಲ್ಲ.

ಮೂರನೆಯದು ವೈರ್ ಜೋಡಿಸುವ ಜಾಗ. ಬ್ಯಾರಿಯರನ್ನು ತೂತು ಮಾಡಿ ಕೂರಿಸಿದ ಗುಂಡಿಯಂಥ ಟರ್ಮಿನಲ್ಲೇ ನೀರಿಗೆ ತೆರೆದ ಬಾಗಿಲು. ಅಲ್ಲಿ ಸೋಲ್ಡರಿಂಗ್ ಕಬ್ಬಿಣ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಮುದುಡಿ ಸೀಲು ಬಿಡುತ್ತದೆ. ಕ್ರಿಂಪ್ ಮಾಡಿ, ಸುತ್ತ ಬ್ಯೂಟೈಲ್ ಒತ್ತಿ, ಮೇಲೆ ಸಿಲಿಕೋನ್ ಹಚ್ಚಿ. ಸಿಲಿಕೋನ್ ಕೊಳ್ಳುವಾಗ ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದೇ ಬೇಕು. ಹುಳಿ ವಿನೆಗರ್ ವಾಸನೆ ಬರುವ ಅಗ್ಗದ ಟ್ಯೂಬು ಒಣಗುವಾಗ ಅಸಿಟಿಕ್ ಆಮ್ಲ ಬಿಟ್ಟು ತಾಮ್ರ, ಬೆಳ್ಳಿ ಎರಡನ್ನೂ ತಿನ್ನುತ್ತದೆ.

ಆರೋಗ್ಯ ನೋಡಲು ಮಲ್ಟಿಮೀಟರ್ ಎರಡು, ವೈರ್‌ವೌಂಡ್ ಪೊಟೆನ್ಶಿಯೋಮೀಟರ್ ಒಂದು ಸಾಕು. ಮಟಮಟ ಮಧ್ಯಾಹ್ನ, ಮೋಡ ಇಲ್ಲದಾಗ, ಫಿಲ್ಮನ್ನು 15-20 ನಿಮಿಷ ಬಿಸಿಲಿಗೆ ಬಿಟ್ಟು ಶುರು ಮಾಡಿ. ತೆರೆದ ವೋಲ್ಟೇಜ್, ಶಾರ್ಟ್ ಕರೆಂಟು ಬರೆದುಕೊಳ್ಳಿ. ಆಮೇಲೆ ಪೊಟೆನ್ಶಿಯೋಮೀಟರ್ ತಿರುಗಿಸುತ್ತ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ, ಅತಿ ಹೆಚ್ಚು ಬಂದ ಶಕ್ತಿ ಗುರುತು ಹಾಕಿ. ಅದನ್ನು ಮೊದಲಿನ ಎರಡರ ಗುಣಲಬ್ಧದಿಂದ ಭಾಗಿಸಿದರೆ ಫಿಲ್ ಫ್ಯಾಕ್ಟರ್. ಹೊಸ ಫಿಲ್ಮಿನಲ್ಲಿ 0.55ಕ್ಕಿಂತ ಕಡಿಮೆ ಇದ್ದರೆ ನಮಗೆ ಅನುಮಾನ. ಪ್ರತಿ ಮೂರು ತಿಂಗಳಿಗೆ ಇದೇ ಕ್ರಮದಲ್ಲಿ, ಪಕ್ಕದಲ್ಲೊಂದು ಸಣ್ಣ ಸಿಲಿಕಾನ್ ಕೋಶವನ್ನೂ ಅಳೆದು, ಅದಕ್ಕೆ ಹೋಲಿಸಿ ಬರೆದಿಡಿ; ಬಿಸಿಲಿನ ಏರಿಳಿತ ಆಗ ಲೆಕ್ಕದಿಂದ ಹೊರಗೆ ಹೋಗುತ್ತದೆ.

ಯಾವುದು ಇಳಿಯಿತು ಎನ್ನುವುದರಲ್ಲೇ ಕಾಯಿಲೆ ಗೊತ್ತಾಗುತ್ತದೆ. ವೋಲ್ಟೇಜ್ ಹಾಗೇ ಇದ್ದು ಕರೆಂಟು ಇಳಿದಿದ್ದರೆ, ಬಣ್ಣವೂ ಮಾಸಿದ್ದರೆ, ಅಂಚಿನಿಂದ ಗಾಳಿ ಹೊಕ್ಕಿದೆ. ಬಣ್ಣ ಚೆನ್ನಾಗಿದ್ದೂ ಫಿಲ್ ಫ್ಯಾಕ್ಟರ್ ಕುಸಿದಿದ್ದರೆ ಗಡಿ ಪದರ ಕೆಟ್ಟಿದೆ. ವೋಲ್ಟೇಜೇ ಒಂದು ಕೋಶದಷ್ಟು ಒಮ್ಮೆಲೇ ಕಡಿಮೆಯಾದರೆ ಒಂದು ಪಟ್ಟೆ ಶಾರ್ಟ್. ಎಲ್ಲವೂ ಸೊನ್ನೆ ಎಂದರೆ ಫಿಲ್ಮನ್ನು ಬೈಯುವ ಮೊದಲು ಟರ್ಮಿನಲ್ ಬಿಚ್ಚಿ ನೋಡಿ.

ನಾಲ್ಕು ಅಂಕ ಕೊಟ್ಟ ಒಳಾಂಗಣದ ಲೆಕ್ಕ ಇಲ್ಲಿದೆ. 500 ಲಕ್ಸ್ (ಬೆಳಕಿನ ಮಟ್ಟದ ಅಳತೆ) ಬಿಳಿ ಎಲ್‌ಇಡಿ ಬೆಳಕಿನಲ್ಲಿ ಒಳ್ಳೆಯ ಫಿಲ್ಮ್ ಚದರ ಸೆಂ.ಮೀ.ಗೆ ಸುಮಾರು 15 ಮೈಕ್ರೋವ್ಯಾಟ್ ಕೊಡುತ್ತದೆ. ಅಂಗಡಿಯ ಕಪಾಟಿನಲ್ಲಿ 300 ಲಕ್ಸ್ ಎಂದುಕೊಳ್ಳಿ, 9 ಮೈಕ್ರೋವ್ಯಾಟ್. 5 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ತುಂಡಿಗೆ 450. ದಿನಕ್ಕೆ 10 ಗಂಟೆ ದೀಪ ಉರಿದರೆ 4.5 ಮಿಲಿವ್ಯಾಟ್-ಅವರ್, ಪರಿವರ್ತನೆಯಲ್ಲಿ 30 ಪ್ರತಿಶತ ಹೋದರೆ 3.1 ಉಳಿಯಿತು. ಆಗಾಗ ಬ್ಲೂಟೂತ್ ಕಳಿಸುವ ತಾಪ-ತೇವಾಂಶ ಸೆನ್ಸರ್ ಸರಾಸರಿ 30 ಮೈಕ್ರೋವ್ಯಾಟ್ ತಿಂದರೆ ದಿನಕ್ಕೆ ಬೇಕಾದದ್ದು 0.72. ಫಿಲ್ಮಿನ ಶಕ್ತಿ ಅರ್ಧಕ್ಕೆ ಇಳಿದರೂ ಸೆನ್ಸರ್ ನಿಲ್ಲುವುದಿಲ್ಲ. ನೇರಳಾತೀತ ಇಲ್ಲ, ಬಿಸಿ ಇಲ್ಲ, ಮಳೆ ಇಲ್ಲ. ಕೆಡಿಸುವ ಕಾರಣಗಳಲ್ಲಿ ಮೂರು ಹೊರಗೇ ಉಳಿದವು. ಭಾನುವಾರದ ರಜೆಗೆ ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆ ತನಕ 36 ಗಂಟೆ, 1.08 ಮಿಲಿವ್ಯಾಟ್-ಅವರ್ ಬೇಕು. 1 ಫ್ಯಾರಡ್ ಸೂಪರ್ ಕೆಪಾಸಿಟರ್ 4.2ರಿಂದ 3 ವೋಲ್ಟಿಗೆ ಇಳಿಯುವಾಗ 1.2 ಕೊಡುತ್ತದೆ, ಆದರೆ ಅದು ತಾನೇ ಸೋರುತ್ತದೆ, ಹಾಗಾಗಿ 1.5 ಫ್ಯಾರಡಿನದು ಹಾಕಿ. ಚಾರ್ಜಿಂಗಿಗೆ ಬಿಕ್ಯೂ25570ರಂಥ ಚಿಪ್ ಒಳ್ಳೆಯದು. ಅದರ ಒಳಬರುವ ವೋಲ್ಟೇಜ್ 5.1 ಮೀರಬಾರದು, ಪಟ್ಟೆ ಎಣಿಸಿ ನೋಡಿಕೊಳ್ಳಿ. ಕೊಳ್ಳುವಾಗ 200 ಲಕ್ಸಿನಲ್ಲಿ ಅಳೆದ ಅಂಕಿಯನ್ನೇ ಕೇಳಿ. ಬಿಸಿಲಲ್ಲಿ ಗೊತ್ತಾಗದ ಸಣ್ಣ ಒಳಸೋರಿಕೆ ಮಂದ ಬೆಳಕಿನಲ್ಲಿ ಅರ್ಧ ಕರೆಂಟನ್ನೇ ನುಂಗಬಹುದು.

ರಾಣೆಬೆನ್ನೂರು ಕಡೆ ಪಾಲಿಹೌಸ್, ನೆರಳು ಪರದೆಯಡಿ ತರಕಾರಿ ಬೀಜ ಮಾಡುವವರಿಗೂ ಅರೆಪಾರದರ್ಶಕ ಫಿಲ್ಮಿನ ಆಸೆ ಹುಟ್ಟಬಹುದು. ವೈ6 ಥರದ ಅಣುಗಳು ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನು ಚೆನ್ನಾಗಿ ಹೀರುತ್ತವೆ, ಗಿಡಕ್ಕೆ ಬೇಕಾದ ಬಣ್ಣದಲ್ಲಿ ಒಂದಿಷ್ಟನ್ನು ಬಿಡುತ್ತವೆ. ವಿಚಾರ ಚೆನ್ನಾಗಿದೆ. ಆದರೆ ಒಳಗೆ ಸದಾ ತೇವ, ಮೇಲಿಂದ ಗಂಧಕದ ಸಿಂಪಡಣೆ. ಗಂಧಕ ತಾಗಿದ ಬೆಳ್ಳಿ ಕಪ್ಪಾಗುತ್ತದೆ. ಟರ್ಮಿನಲ್ಲುಗಳನ್ನು ರಚನೆಯ ಹೊರಗೆ ತರಲು ಆಗದಿದ್ದರೆ ಹಾಕಬೇಡಿ.

ಒರೆಸಲು ಮೆತ್ತನೆ ಅರಿವೆ, ಸೋಪಿನ ತಿಳಿನೀರು. ಥಿನ್ನರ್, ಅಸಿಟೋನ್ ಮುಟ್ಟಿಸಬೇಡಿ. ಗಡಸು ಬೋರ್ ನೀರು ಒಣಗಿ ಬಿಳಿ ಕಲೆ ಕೂರುತ್ತದೆ, ಮಳೆನೀರಿದ್ದರೆ ಅದನ್ನೇ ಬಳಸಿ.

ಬೆಲೆ ವ್ಯಾಟಿನ ಲೆಕ್ಕದಲ್ಲಿ ಸಿಲಿಕಾನಿಗಿಂತ ಬಹಳ ಹೆಚ್ಚು. ಹಾಗಾಗಿ ಖಾತರಿ ಪತ್ರವನ್ನು ಓದಿಯೇ ದುಡ್ಡು ಕೊಡಿ: ಎಷ್ಟು ವರ್ಷ, ಎಷ್ಟು ಪ್ರತಿಶತ, ಬರ್ನ್-ಇನ್ ಸೇರಿಯೋ ಬಿಟ್ಟೋ, ಅಂಚು ಬಿಚ್ಚಿದರೆ ಯಾರ ಹೊಣೆ. ತಯಾರಾದ ತಿಂಗಳು ಕೇಳಿ ಬರೆಸಿಕೊಳ್ಳಿ, ಹಳೆಯ ದಾಸ್ತಾನು ಬೇಡ. ಒಂದೆರಡು ತುಂಡು ಹೆಚ್ಚಿಗೆ ತರಿಸಿದ್ದರೆ ಸಿಲಿಕಾ ಜೆಲ್ ಹಾಕಿದ ಅಲ್ಯುಮಿನಿಯಂ ಪೌಚಿನಲ್ಲಿ, ಚಪ್ಪಟೆಯಾಗಿ, ಕತ್ತಲಲ್ಲಿ ಇಡಿ. ಗೋಡೆಯ ಮೇಲಿನದು ಇಳಿದಾಗ ಹೋಲಿಸಿ ನೋಡಲು ಅದೇ ಬ್ಯಾಚಿನ ಹೊಸ ತುಂಡು ಕೈಯಲ್ಲಿರಬೇಕು. ಮಾರಿದವರ ಎದುರು ತಕರಾರು ಒಯ್ಯುವಾಗಲೂ ಆ ತುಂಡಿನ ಅಳತೆಯೇ ನಿಮ್ಮ ಸಾಕ್ಷಿ.